ಮುಂದೆ ಬೆಳೆಯತಕ್ಕ ನಗರಗಳೂ ಶಿಕಾರಿಪುರ, ಸೊರಬ ತಾಲ್ಲೂಕುಗಳ ಬೇಸಾಯವೂ

ಊರು ಬೆಳೆಯುವುದು ಪೇಟೆಯವರ ವಿಚಾರ, ಪೈರು ಬೆಳೆಯುವುದು ರೈತರ ವಿಚಾರ ಎಂದು ಅನೇಕರು ಭಾವಿಸುವುದುಂಟು. ಈ ಭಾವನೆಯು ಸರಿಯಾದುದಲ್ಲ. ನಗರದವರು ಉಣ್ಣುವ ಅಕ್ಕಿ, ಕುಡಿಯುವ ಹಾಲು, ಕೊಳ್ಳುವ ಕಾಯಿಪಲ್ಯ ಇವೆಲ್ಲವೂ ಹಳ್ಳಿಗಳಿಂದಲೇ ಹೋಗತಕ್ಕವು. ನಗರವು ಹಿಗ್ಗಿದಂತೆಲ್ಲಾ ಈ ಪದಾರ್ಥಗಳಿಗೆ ಗಿರಾಕಿಯೂ ಹೆಚ್ಚುವುದು. ಅದರೊಡನೆಯೇ ಹಳ್ಳಿಯ ಜಮೀನಿಗೂ, ನೀರಿಗೂ, ಕೂಲಿಯಾಳಿಗೂ ನಗರವು ಗಿರಾಕಿಯಾಗುವುದು. ಮೊದಲನೆಯದರಿಂದ ರೈತನಿಗೆ ಲಾಭ. ಎರಡನೆಯದರಿಂದ ಎಚ್ಚರವಿದ್ದವನಿಗೆ ಲಾಭ, ಎಚ್ಚರ ತಪ್ಪಿದವನಿಗೆ ನಷ್ಟ. ಆದುದರಿಂದ ಯಾವ ಊರು ಎಷ್ಟು ಬೆಳೆಯಬಹುದು, ಯಾವ ಕಾರಣದಿಂದ ಬೆಳೆಯುವುದು ಎಂಬುದನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ಮುಂಚಿತವಾಗಿಯೇ ಯೋಚಿಸಿಕೊಳ್ಳುವುದು ಯುಕ್ತವಾಗಿದೆ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಈ ಮೂರು ನಗರಗಳ ನಡುವೆ ಇರುವ ಶಿಕಾರಿಪುರ, ಸೊರಬ ತಾಲ್ಲೂಕುಗಳವರಿಗೆ ಈ ಯೋಚನೆಯು ವಿಶೇಷವಾಗಿ ಅಗತ್ಯವಾದುದು.

ಮಹಾನಗರವೆಂದರೆ ಯಾವುದು?

1992ರಲ್ಲಿ ಭಾರತದ ಸಂವಿಧಾನಕ್ಕೆ ಆದ 74ನೆಯ ತಿದ್ದುಪಡಿಯಂತೆ 10 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ಜನವಸತಿಯುಳ್ಳ ಪ್ರದೇಶವನ್ನು ಮಹಾನಗರ ಪ್ರದೇಶವೆಂದು ಎಣಿಸಬಹುದು. 2011ರ ಜನಗಣತಿಯಲ್ಲಿ ಭಾರತದಲ್ಲಿ ಈ ಅಳತೆಯನ್ನು ಮುಟ್ಟಿದ ನಗರ ಸಮೂಹಗಳು 53. ಕರ್ನಾಟಕದಲ್ಲಿ ಬೆಂಗಳೂರು ಒಂದೇ. 2021ರಲ್ಲಿ ಆಗಬೇಕಾಗಿದ್ದ ಗಣತಿಯು ಮುಂದಕ್ಕೆ ಹೋದುದರಿಂದ 2011ರ ಅಂಕಿಗಳನ್ನೇ ಇಲ್ಲಿ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಬೆಂಗಳೂರಾದರೂ ಮೊದಲಿನಿಂದ ಮಹಾನಗರವಾಗಿರಲಿಲ್ಲ. 1941ರಲ್ಲಿ ದಂಡುಪ್ರದೇಶವೂ ಸೇರಿ ಅಲ್ಲಿದ್ದ ಜನರು ಸುಮಾರು 4 ಲಕ್ಷ. 2011ರ ದಾವಣಗೆರೆಯಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ, ಅಂದರೆ 1951ರಲ್ಲಿ, ಬೆಂಗಳೂರಿನ ಜನಸಂಖ್ಯೆಯು ಸುಮಾರು 7 ಲಕ್ಷ 80 ಸಾವಿರಕ್ಕೆ ಏರಿತು. ಒಂದು ಊರು ಇಂದು ಇರುವ ಗಾತ್ರವನ್ನು ಮಾತ್ರ ನೋಡಿ ಅದರ ಭವಿಷ್ಯವನ್ನು ನಿಶ್ಚಯಿಸಲಾಗದು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಸೀಮೆಯಲ್ಲಿಯೇ ಇದ್ದ ದೊಡ್ಡ ನಗರಗಳು

ನಗರಗಳು ಬೆಳೆಯುವ ಬಗೆಯನ್ನೂ ಅಳಿಯುವ ಬಗೆಯನ್ನೂ ತಿಳಿಯುವುದಕ್ಕೆ ಶಿಕಾರಿಪುರ ತಾಲ್ಲೂಕಿನವರು ದೂರ ಹೋಗಬೇಕಾದುದಿಲ್ಲ. ಬಳ್ಳಿಗಾವಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿತ್ತು. 11, 12ನೆಯ ಶತಮಾನಗಳಲ್ಲಿ ಅಲ್ಲಿ ಐದು ಮಠಗಳೂ, ಅಗ್ರಹಾರಗಳೂ, ಶೈವ, ವೈಷ್ಣವ, ಜೈನ, ಬೌದ್ಧ ದೇವಾಲಯಗಳೂ, ನಾನಾ ದೇಶದ ವರ್ತಕರ ಸಂಘಗಳೂ ಇದ್ದುವು. ಅಲ್ಲಿನ ಕೋಡಿಯ ಮಠದಲ್ಲಿ ವಿದ್ಯಾದಾನ, ಅನ್ನದಾನ, ರೋಗಿಗಳ ಚಿಕಿತ್ಸೆ ಇವೆಲ್ಲವೂ ನಡೆಯುತ್ತಿದ್ದುವೆಂದು 1162ರ ಶಾಸನವು ತಿಳಿಸುತ್ತದೆ. ಚಾಲುಕ್ಯರ ಪ್ರಭುತ್ವವು ಕುಗ್ಗಿದ ಮೇಲೆ ಈ ನಾಡು ಹೊಯ್ಸಳರಿಗೂ ಸೇವುಣರಿಗೂ ಕೈಯಿಂದ ಕೈಗೆ ಹೋಯಿತು, ಅಧಿಕಾರದ ಪೀಠವು ಬೇರೆಡೆಗೆ ಸರಿಯಿತು, ವರ್ತಕರು ಚದುರಿದರು. ಇಂದು ಬಳ್ಳಿಗಾವಿಯು ಒಂದು ಗ್ರಾಮ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳೂ ಶಾಸನದ ಕಲ್ಲುಗಳೂ ಹಳೆಯ ವೈಭವಕ್ಕೆ ಸಾಕ್ಷಿಯಾಗಿ ನಿಂತಿವೆ.

ಬಿದನೂರಿನ ಕಥೆಯೂ ಇಂತಹುದೇ. ಕೆಳದಿಯ ಅರಸರು ಕೆಳದಿಯಿಂದ ಇಕ್ಕೇರಿಗೂ, ಇಕ್ಕೇರಿಯಿಂದ ಬಿದನೂರಿಗೂ ರಾಜಧಾನಿಯನ್ನು ಬದಲಾಯಿಸಿದರು. ಕರಾವಳಿಗೆ ಇಳಿಯುವ ಘಟ್ಟದ ದಾರಿಯ ವ್ಯಾಪಾರವೂ ಅರಸರ ಆಶ್ರಯವೂ ಒಟ್ಟಿಗೆ ಸೇರಿದುದರಿಂದ ಬಿದನೂರು ಐಶ್ವರ್ಯವಂತವಾದ ನಗರವಾಯಿತು. 1763ರಲ್ಲಿ ಹೈದರ್ ಆಲಿಯು ಅದನ್ನು ಹಿಡಿದನು. ಈಗ ಅದು ಹೊಸನಗರ ತಾಲ್ಲೂಕಿನ ನಗರವೆಂಬ ಸಣ್ಣ ಊರು. ಹೆಸರಿನಲ್ಲಿ ಮಾತ್ರ ನಗರವಾಗಿ ಉಳಿದಿದೆ.

ಇದಕ್ಕೆ ವಿಪರೀತವಾದ ಉದಾಹರಣೆ ದಾವಣಗೆರೆ. ಹಿಂದೆ ಹೆಸರಾಗಿದ್ದ ಊರು ಬೇತೂರು. ದಾವಣಗೆರೆಯು ಅದಕ್ಕೆ ಸೇರಿದ ಹಳ್ಳಿಯಾಗಿತ್ತು. ಹೈದರ್ ಆಲಿಯು ಅದನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ಆಮೇಲೆ ರೈಲು ಬಂದಿತು, ಹತ್ತಿಯ ವ್ಯಾಪಾರ ಬೆಳೆಯಿತು, ಗಿರಣಿಗಳು ನಿಂತುವು, ಭದ್ರಾ ಕಾಲುವೆಯ ನೀರಿನಿಂದ ಸುತ್ತಲಿನ ಜಮೀನು ಗದ್ದೆಯಾಯಿತು. ಹತ್ತಿಯ ಗಿರಣಿಗಳು ಇಳಿಮುಖವಾದಾಗಲೂ ಊರು ಕುಗ್ಗಲಿಲ್ಲ. ಅಷ್ಟು ಹೊತ್ತಿಗೆ ಭತ್ತ, ಮೆಕ್ಕೆಜೋಳಗಳ ವ್ಯಾಪಾರವೂ ದೊಡ್ಡ ವಿದ್ಯಾಸಂಸ್ಥೆಗಳೂ ಅಲ್ಲಿ ಬೇರೂರಿದ್ದುವು. 1997ರಲ್ಲಿ ಅದು ಜಿಲ್ಲೆಯ ಮುಖ್ಯಸ್ಥಳವೂ ಆಯಿತು. ಬೇತೂರು ಇಂದು ಅದರ ಪಕ್ಕದ ಒಂದು ಹಳ್ಳಿ.

ನೆರೆಯ ಭದ್ರಾವತಿಯನ್ನೂ ನೋಡಬೇಕು. 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸವನ್ನು ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಈ ಎರಡರ ಆಧಾರದಿಂದ ಚಿಕ್ಕ ಊರು ದೊಡ್ಡ ಪಟ್ಟಣವಾಯಿತು. ಕಾರ್ಖಾನೆಗಳು ಸೊರಗಲು ಪಟ್ಟಣವೂ ಸೊರಗಿತು. 2001ರ ಗಣತಿಯಲ್ಲಿ ಸುಮಾರು 1 ಲಕ್ಷ 60 ಸಾವಿರವಿದ್ದ ಜನಸಂಖ್ಯೆಯು 2011ರಲ್ಲಿ ಸುಮಾರು 1 ಲಕ್ಷ 51 ಸಾವಿರಕ್ಕೆ ಇಳಿಯಿತು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಗಣಿಯ ಪಟ್ಟಣಕ್ಕೂ ಇದೇ ಕಷ್ಟವು ಒದಗಿತು. ಒಂದೇ ಕಂಬದ ಮೇಲೆ ನಿಂತ ಮನೆಯು ಆ ಕಂಬವಿರುವವರೆಗೆ ಮಾತ್ರ ನಿಲ್ಲುವುದು.

ನಗರವು ಬೆಳೆಯುವುದಕ್ಕೆ ಬೇಕಾದ ಐದು ಅನುಕೂಲಗಳು

ಮೇಲಿನ ಉದಾಹರಣೆಗಳಿಂದ ಐದು ಗುರುತುಗಳನ್ನು ಕಂಡುಕೊಳ್ಳಬಹುದು. ಒಂದನೆಯದಾಗಿ, ಸುತ್ತಲಿನ ಸೀಮೆಯಲ್ಲಿ ಮಾರತಕ್ಕ ಉತ್ಪನ್ನವು ಸಮೃದ್ಧಿಯಾಗಿರಬೇಕು. ಎರಡನೆಯದಾಗಿ, ರಸ್ತೆಗಳೂ ರೈಲು ದಾರಿಗಳೂ ಅಲ್ಲಿ ಕೂಡಬೇಕು. ಮೂರನೆಯದಾಗಿ, ಬೇಸಗೆಯಲ್ಲಿಯೂ ಬತ್ತದ ನೀರಿರಬೇಕು. ನಾಲ್ಕನೆಯದಾಗಿ, ಜೀವನೋಪಾಯವು ಒಂದೇ ಬಗೆಯದಾಗಿರದೆ ಹಲವು ಬಗೆಯದಾಗಿರಬೇಕು. ಐದನೆಯದಾಗಿ, ಊರು ಹರಡುವುದಕ್ಕೆ ತಕ್ಕ ನೆಲವಿರಬೇಕು. ಅರಸರ ಅನುಗ್ರಹವಾಗಲಿ ಸರ್ಕಾರದ ಕಛೇರಿಗಳಾಗಲಿ ಊರಿನ ಬೆಳವಣಿಗೆಗೆ ಸಹಾಯಕವೇ ಹೊರತು, ಇವು ಐದರ ಸ್ಥಾನವನ್ನು ತುಂಬಲಾರವು.

ಇವುಗಳಲ್ಲಿ ನೀರಿನ ವಿಷಯವನ್ನು ಜನರು ಸಾಮಾನ್ಯವಾಗಿ ಮರೆಯುವರು. ಬೆಂಗಳೂರಿನ ಸಮೀಪದಲ್ಲಿ ದೊಡ್ಡ ನದಿಯಿಲ್ಲ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಸುಮಾರು 100 ಕಿಲೋಮೀಟರು ದೂರದ ಕಾವೇರಿಯ ನೀರು, ಹೀಗೆ ಹಂತಹಂತವಾಗಿ ತಂದುದರಿಂದ ಆ ನಗರವು ಬೆಳೆಯುವುದು ಸಾಧ್ಯವಾಯಿತು. ಊರೊಳಗಿದ್ದ ಕೆರೆಗಳಾದರೋ ಒಂದೊಂದಾಗಿ ಮಾಯವಾದುವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯ ಸ್ಥಳದಲ್ಲಿ ಕ್ರೀಡಾಂಗಣವಾಯಿತು. ಹತ್ತಿರದ ಕೆರೆಯನ್ನು ತುಂಬಿಸಿ ಮುಚ್ಚಿ ದೂರದ ನದಿಯನ್ನು ಏರಿಸಿ ತರುವ ಈ ವೆಚ್ಚದ ದಾರಿಯು ಬೆಳೆಯುವ ಪ್ರತಿಯೊಂದು ಊರಿಗೂ ಎಚ್ಚರಿಕೆಯಾಗಿದೆ.

ಅಂಕಿಗಳು ಹೇಳುವುದೇನು?

ಕರ್ನಾಟಕದ ಕೆಲವು ನಗರಗಳ ಜನಸಂಖ್ಯೆಯು ಎರಡು ಗಣತಿಗಳಲ್ಲಿ ಲಕ್ಷಗಳ ಲೆಕ್ಕದಲ್ಲಿ ಸುಮಾರಾಗಿ ಈ ಪ್ರಕಾರವಿತ್ತು. ಮೈಸೂರು, ಬೆಳಗಾವಿ, ಮಂಗಳೂರು, ಕಲಬುರಗಿಗಳ ಅಂಕಿಗಳಲ್ಲಿ ಉಪನಗರಗಳೂ ಸೇರಿವೆ.

ಮೈಸೂರು: 2001ರಲ್ಲಿ 7.99, 2011ರಲ್ಲಿ 9.91
ಹುಬ್ಬಳ್ಳಿ-ಧಾರವಾಡ: 2001ರಲ್ಲಿ 7.86, 2011ರಲ್ಲಿ 9.44
ಮಂಗಳೂರು: 2001ರಲ್ಲಿ 5.39, 2011ರಲ್ಲಿ 6.24
ಬೆಳಗಾವಿ: 2001ರಲ್ಲಿ 5.06, 2011ರಲ್ಲಿ 6.10
ಕಲಬುರಗಿ: 2001ರಲ್ಲಿ 4.30, 2011ರಲ್ಲಿ 5.43
ದಾವಣಗೆರೆ: 2001ರಲ್ಲಿ 3.65, 2011ರಲ್ಲಿ 4.35
ಶಿವಮೊಗ್ಗ: 2001ರಲ್ಲಿ 2.74, 2011ರಲ್ಲಿ 3.23
ತುಮಕೂರು: 2001ರಲ್ಲಿ 2.49, 2011ರಲ್ಲಿ 3.02

ಆ ಹತ್ತು ವರ್ಷಗಳಲ್ಲಿ ಬೆಳೆದ ಪ್ರಮಾಣದಲ್ಲಿಯೇ ಮುಂದೆಯೂ ಬೆಳೆಯುವುವೆಂದು ಇಟ್ಟುಕೊಂಡು ಲೆಕ್ಕ ಮಾಡಿದರೆ, ಮೈಸೂರೂ ಹುಬ್ಬಳ್ಳಿ-ಧಾರವಾಡವೂ 2011ರಿಂದ ಐದು ವರ್ಷಗಳೊಳಗೆ 10 ಲಕ್ಷವನ್ನು ದಾಟಿರಬೇಕು. ಬೆಳಗಾವಿ, ಕಲಬುರಗಿಗಳು 2040ಕ್ಕೆ ಮೊದಲು, ಮಂಗಳೂರು ಆಮೇಲೆ ಕೆಲವು ವರ್ಷಗಳಲ್ಲಿ ಆ ಅಳತೆಯನ್ನು ಮುಟ್ಟಬಹುದು. ದಾವಣಗೆರೆಯು ಮುಟ್ಟುವುದಕ್ಕೆ 2011ರಿಂದ ನಲವತ್ತೇಳು ವರ್ಷಗಳಷ್ಟೂ, ಶಿವಮೊಗ್ಗಕ್ಕೆ ಎಪ್ಪತ್ತು ವರ್ಷಗಳಷ್ಟೂ ಬೇಕಾಗುವುವು. ಇದು ಬರಿಯ ತ್ರೈರಾಶಿಯಂತಹ ಲೆಕ್ಕ. ಪಂಚಾಂಗದ ಗ್ರಹಣದಂತೆ ತಪ್ಪದೆ ಬರತಕ್ಕದ್ದಲ್ಲ. 1940ರ ದಶಕದ ಬೆಂಗಳೂರಿನಂತೆ ಹೊಸ ಕೈಗಾರಿಕೆಗಳು ಒಮ್ಮೆಲೇ ನೆಲೆಸಿದರೆ ಊರು ಲೆಕ್ಕವನ್ನು ಮೀರಿ ಓಡುವುದು. ಭದ್ರಾವತಿಯಂತೆ ಆಧಾರವು ಕುಸಿದರೆ ಹಿಂದಕ್ಕೂ ಸರಿಯುವುದು.

ಒಂದೊಂದು ನಗರದ ಅನುಕೂಲ, ಪ್ರತಿಕೂಲ

ಹುಬ್ಬಳ್ಳಿ-ಧಾರವಾಡವು ಹತ್ತಿಯ ಪೇಟೆಯಾಗಿಯೂ ರೈಲ್ವೆಯ ಕೇಂದ್ರವಾಗಿಯೂ ಬೆಳೆಯಿತು. 1962ರಲ್ಲಿ ಎರಡು ಊರುಗಳೂ ಒಂದೇ ನಗರಪಾಲಿಕೆಗೆ ಒಳಪಟ್ಟುವು. 2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಮುಖ್ಯಸ್ಥಳವಾಯಿತು. 2016ರಲ್ಲಿ ಧಾರವಾಡದಲ್ಲಿ ಐ.ಐ.ಟಿ. ಆರಂಭವಾಯಿತು. ಬೆಂಗಳೂರು-ಪುಣೆ ಹೆದ್ದಾರಿಯೂ ಅಲ್ಲಿಯೇ ಹಾದುಹೋಗುತ್ತದೆ. ನೆಲಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ನೀರಿಗೆ. ಮಲಪ್ರಭೆಯ ನೀರನ್ನು ದೂರದಿಂದ ತರಬೇಕಾಗಿದೆ. ಹೀಗಿದ್ದರೂ ಬೆಂಗಳೂರಿನ ತರುವಾಯ ಉತ್ತರ ಭಾಗದಲ್ಲಿ ಮಹಾನಗರದ ಯೋಗ್ಯತೆಯುಳ್ಳ ಸ್ಥಳಗಳಲ್ಲಿ ಇದೇ ಮುಂದಾಗಿದೆ.

ಮೈಸೂರಿಗೆ ಕಾವೇರಿಯ ನೀರು, ಹಳೆಯ ಅರಸರು ಹಾಕಿಕೊಟ್ಟ ಕ್ರಮವಾದ ಬೀದಿಗಳು, ವಿದ್ಯಾಸಂಸ್ಥೆಗಳು, ಯಾತ್ರಿಕರ ಸಂಚಾರ ಇವೆಲ್ಲವೂ ಇವೆ. 2023ರಲ್ಲಿ ಬೆಂಗಳೂರಿನಿಂದ ಅಗಲವಾದ ಹೊಸ ಹೆದ್ದಾರಿಯು ಸಂಚಾರಕ್ಕೆ ತೆರೆಯಿತು. ಮಂಗಳೂರಿಗೆ 1970ರ ದಶಕದಲ್ಲಿ ಆದ ನವಮಂಗಳೂರು ಬಂದರು ಬಲವಾದ ಆಧಾರ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡಗಳು ಇರುವುದರಿಂದ ಹರಡುವುದಕ್ಕೆ ನೆಲವು ಇಕ್ಕಟ್ಟು. ಬೆಳಗಾವಿಯಲ್ಲಿ ಎರಕದ ಕೆಲಸವೂ ಯಂತ್ರಭಾಗಗಳ ತಯಾರಿಕೆಯೂ ನಡೆಯುತ್ತವೆ. 2012ರಲ್ಲಿ ಅಲ್ಲಿ ಸುವರ್ಣ ವಿಧಾನಸೌಧವು ಉದ್ಘಾಟನೆಯಾಯಿತು. ಕಲಬುರಗಿಗೆ ತೊಗರಿಯ ವಿಶಾಲವಾದ ಸೀಮೆಯೇ ಬೆನ್ನೆಲುಬು. ತುಮಕೂರು ಬೆಂಗಳೂರಿಗೆ ಸುಮಾರು 70 ಕಿಲೋಮೀಟರು ಸಮೀಪದಲ್ಲಿರುವುದರಿಂದ, ವಸಂತನರಸಾಪುರದ ಕೈಗಾರಿಕಾ ಪ್ರದೇಶದೊಡನೆ ಅದು ಸ್ವಂತ ಬಲಕ್ಕಿಂತಲೂ ಬೆಂಗಳೂರಿನ ಬಲದಿಂದ ಬೆಳೆಯತಕ್ಕ ಊರು.

ಇನ್ನು ಶಿವಮೊಗ್ಗ. ಇದಕ್ಕೆ ತುಂಗೆಯ ನೀರು ಊರ ಪಕ್ಕದಲ್ಲಿಯೇ ಇದೆ. 1899ರಲ್ಲಿಯೇ ಬೀರೂರಿನಿಂದ ರೈಲು ಬಂದಿತು. ಅಡಿಕೆಯ ವ್ಯಾಪಾರದಲ್ಲಿ ಇದು ರಾಜ್ಯದ ಮುಖ್ಯ ಮಾರುಕಟ್ಟೆಗಳಲ್ಲಿ ಒಂದು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣವು ಉದ್ಘಾಟನೆಯಾಯಿತು. ಅದೇ ದಿವಸ ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ಹೊಸ ರೈಲು ದಾರಿಗೆ ಶಂಕುಸ್ಥಾಪನೆಯಾಯಿತು. ಶಿವಮೊಗ್ಗವೂ ಭದ್ರಾವತಿಯೂ ಹತ್ತಿರ ಹತ್ತಿರವಿರುವುದರಿಂದ ಹುಬ್ಬಳ್ಳಿ-ಧಾರವಾಡದಂತೆ, ಅಥವಾ ದಾವಣಗೆರೆ-ಹರಿಹರದಂತೆ, ಇವು ಜೋಡಿ ನಗರಗಳಾಗಿ ಬೆಳೆಯುವುದು ಅಸಂಭವವಲ್ಲ. ಆದರೆ ಪಶ್ಚಿಮಕ್ಕೆ ಕಾಡೂ ಘಟ್ಟವೂ ಇರುವುದರಿಂದ ಶಿವಮೊಗ್ಗದ ಬೆಳವಣಿಗೆಯು ಪೂರ್ವಕ್ಕೂ ಉತ್ತರಕ್ಕೂ ತಿರುಗುವ ಸಂಭವವೇ ಹೆಚ್ಚು. ಉತ್ತರವೆಂದರೆ ಶಿಕಾರಿಪುರದ ದಾರಿ.

ಶಿಕಾರಿಪುರವಾಗಲಿ, ಶಿರಾಳಕೊಪ್ಪವಾಗಲಿ, ಸೊರಬ, ಆನವಟ್ಟಿಗಳಾಗಲಿ ಮಹಾನಗರಗಳಾಗುವುವೆಂದು ನಂಬಿಸುವುದು ಸತ್ಯಕ್ಕೆ ದೂರವಾದುದು. ಇವು ಒಳ್ಳೆಯ ಪೇಟೆಯ ಊರುಗಳಾಗಬಹುದು, ಆಗುವುದೂ ಒಳ್ಳೆಯದು. ಆದರೆ ಈ ಎರಡು ತಾಲ್ಲೂಕುಗಳ ಮುಖ್ಯ ಪಾತ್ರವು ಬೆಳೆಯುವ ನಗರಗಳಿಗೆ ಅನ್ನವನ್ನೂ ಹಾಲನ್ನೂ ಹಣ್ಣನ್ನೂ ಒದಗಿಸುವ ಸೀಮೆಯ ಪಾತ್ರ. ಇದು ಕೀಳಾದುದಲ್ಲ, ಜಾಣತನದಿಂದ ನಡೆಸಿದರೆ ಇದರಲ್ಲಿಯೇ ಸ್ಥಿರವಾದ ಲಾಭವಿದೆ.

ಪೇಟೆಯ ದೂರವೂ ಬೆಳೆಯ ಆಯ್ಕೆಯೂ

ಜರ್ಮನಿಯ ಫಾನ್ ಥ್ಯೂನೆನ್ ಎಂಬ ಜಮೀನುದಾರನು ತನ್ನ ಜಮೀನಿನ ಜಮಾಖರ್ಚನ್ನು ವರ್ಷವರ್ಷವೂ ಕಟ್ಟುನಿಟ್ಟಾಗಿ ಬರೆದಿಟ್ಟು, ಅದರ ಆಧಾರದಿಂದ 1826ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ನಗರದ ಸುತ್ತ ಬೇಸಾಯವು ಬಳೆ ಬಳೆಯಾಗಿ ಹರಡುವುದೆಂಬುದು ಆತನ ಸಿದ್ಧಾಂತ. ಬೇಗ ಕೆಡುವ ಹಾಲು, ತರಕಾರಿಗಳು ನಗರಕ್ಕೆ ತೀರ ಹತ್ತಿರದ ಬಳೆಯಲ್ಲಿ. ಆಮೇಲೆ ತೂಕ ಹೆಚ್ಚಾದ ಸೌದೆ. ಅದರಾಚೆ ಕೆಡದೆ ನಿಲ್ಲುವ ಧಾನ್ಯ. ಎಲ್ಲಕ್ಕೂ ಹೊರಗೆ ದನಕರುಗಳ ಸಾಕಣೆ. ಸಾಗಾಣಿಕೆಯ ಖರ್ಚು ಇಳಿದಂತೆಲ್ಲಾ ಒಳಗಿನ ಬಳೆಯು ಹೊರಕ್ಕೆ ಹಿಗ್ಗುತ್ತದೆ.

ಈ ಸಿದ್ಧಾಂತವು ಶಿಕಾರಿಪುರ, ಸೊರಬಗಳಿಗೆ ಹೇಗೆ ಅನ್ವಯಿಸುವುದೆಂದು ನೋಡಬಹುದು. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು 50 ಕಿಲೋಮೀಟರು. ಎತ್ತಿನ ಗಾಡಿಯ ಕಾಲದಲ್ಲಿ ಇದು ರಾತ್ರಿಯೆಲ್ಲಾ ನಡೆಯುವ ದಾರಿ. ಆಗ ಭತ್ತ, ಬೆಲ್ಲ, ಅಡಿಕೆ ಹೊರತು ಬೇರೇನನ್ನೂ ಅಷ್ಟು ದೂರ ಒಯ್ಯುವುದು ಲಾಭವಾಗಿರಲಿಲ್ಲ. ಈಗ ಅದು ಲಾರಿಗೆ ಒಂದೆರಡು ಗಂಟೆಯ ದಾರಿ. ಹಳ್ಳಿಯಲ್ಲಿಯೇ ಹಾಲನ್ನು ತಂಪುಮಾಡುವ ಯಂತ್ರಗಳು ಬಂದ ಮೇಲೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟವು ದೂರದ ಗ್ರಾಮಗಳಿಂದಲೂ ಹಾಲನ್ನು ತರಿಸಿಕೊಳ್ಳುವುದು ಸಾಧ್ಯವಾಗಿದೆ. ಹೊಸ ರೈಲು ದಾರಿಯು ರಾಣೆಬೆನ್ನೂರಿನಲ್ಲಿ ಬೆಂಗಳೂರು-ಹುಬ್ಬಳ್ಳಿ ದಾರಿಯನ್ನು ಸೇರತಕ್ಕದ್ದಾದುದರಿಂದ, ಅದು ಪೂರ್ತಿಯಾದಾಗ ಶಿಕಾರಿಪುರದ ಮಾಲಿಗೆ ಎರಡು ದಿಕ್ಕಿನ ಪೇಟೆಗಳೂ ತೆರೆಯುವುವು. ಸೊರಬಕ್ಕೆ ರೈಲಿಲ್ಲ; ಅಲ್ಲಿನ ಅನಾನಸು, ಶುಂಠಿ, ಅಡಿಕೆ, ಭತ್ತಗಳು ಸಾಗರದ ಕಡೆಗೂ ಶಿರಾಳಕೊಪ್ಪದ ಕಡೆಗೂ ರಸ್ತೆಯಲ್ಲಿಯೇ ಹೋಗಬೇಕು. ಆದುದರಿಂದ ಸೊರಬದವರು ಕೇಳಬೇಕಾದುದು ಒಳ್ಳೆಯ ರಸ್ತೆ, ತೂಕದ ಕಟ್ಟೆ, ಮಾಲನ್ನು ಇಡುವ ತಂಪಾದ ಉಗ್ರಾಣ.

ಎದುರಾಗಿರುವ ಅಪಾಯಗಳು

ಮೊದಲನೆಯದು ಜಮೀನಿನ ಮಾರಾಟ. ದಾರಿಯ ಸುದ್ದಿ ಹುಟ್ಟಿದ ಕೂಡಲೆ ದಲ್ಲಾಳಿಗಳು ಹುಟ್ಟಿಕೊಳ್ಳುವರು. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾನೂನಿಗೆ ಆದ ತಿದ್ದುಪಡಿಯಿಂದ ವ್ಯವಸಾಯಗಾರರಲ್ಲದವರೂ ಬೇಸಾಯದ ಭೂಮಿಯನ್ನು ಕೊಳ್ಳುವುದಕ್ಕೆ ಇದ್ದ ಅಡ್ಡಿಯು ನೀಗಿತು. ರಸ್ತೆಯ ಪಕ್ಕದ ಖುಷ್ಕಿ ಜಮೀನಿಗಿಂತ ಕೆರೆಯ ಕೆಳಗಿನ ಸಮತಟ್ಟಾದ ಗದ್ದೆಯ ಮೇಲೆಯೇ ಕೊಳ್ಳುವವರ ಕಣ್ಣು ಬೀಳುವುದುಂಟು. ಖುಷ್ಕಿಯನ್ನು ಮತ್ತೆ ಸಂಪಾದಿಸಬಹುದು. ಅಚ್ಚುಕಟ್ಟಿನ ಗದ್ದೆಯನ್ನು ಒಮ್ಮೆ ಮಣ್ಣು ತುಂಬಿಸಿ ಮನೆ ಕಟ್ಟಿದ ಮೇಲೆ ಯಾರೂ ಮರಳಿ ಗದ್ದೆ ಮಾಡಲಾರರು. ಬಂದ ಹಣವಾದರೋ ಮನೆ, ಮದುವೆ, ವಾಹನಗಳಲ್ಲಿ ಕರಗುವುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಎರಡನೆಯದು ನೀರು. ಸೊರಬ ತಾಲ್ಲೂಕಿನ ನೂರಾರು ಕೆರೆಗಳೂ, ಅವುಗಳಿಗೆ ಮೇಲಿನಿಂದ ನೀರನ್ನು ಹನಿಸುವ ಕಾನುಗಳೂ ಆ ಸೀಮೆಯ ಉಸಿರು. ಶಿಕಾರಿಪುರದಲ್ಲಿ ಕುಮುದ್ವತಿಯ ಅಂಜನಾಪುರ ಜಲಾಶಯವೂ ಹಳೆಯ ಕೆರೆಗಳೂ ಬೇಸಾಯವನ್ನು ಕಾಯುತ್ತವೆ. ಉಡುಗಣಿ-ತಾಳಗುಂದ-ಹೊಸೂರು, ಮೂಡಿ, ಮೂಗೂರು ಏತ ನೀರಾವರಿ ಯೋಜನೆಗಳ ಉದ್ದೇಶವೇ ನದಿಯ ನೀರನ್ನು ಎತ್ತಿ ಈ ಕೆರೆಗಳನ್ನು ತುಂಬಿಸುವುದು. ಕೆರೆಯ ಅಂಗಳವು ಒತ್ತುವರಿಯಾಗಿ, ಏರಿ ಬಿರಿದು, ತೂಬು ಕಟ್ಟಿಕೊಂಡಿದ್ದರೆ ಎತ್ತಿ ತಂದ ನೀರು ನಿಲ್ಲುವುದೆಲ್ಲಿ? ತಾಳಗುಂದದ ಸ್ತಂಭಶಾಸನವು ಕದಂಬರ ಕಾಕುತ್ಸ್ಥವರ್ಮನು ಅಲ್ಲಿ ಕೆರೆಯನ್ನು ಕಟ್ಟಿಸಿದುದನ್ನು ಹೊಗಳಿ ಹೇಳುತ್ತದೆ. ಹದಿನೈದು ಶತಮಾನಗಳ ಹಿಂದೆ ಅರಸನು ತನ್ನ ಕೀರ್ತಿಗಾಗಿ ಈ ಸೀಮೆಯಲ್ಲಿ ಮಾಡಿದ ಕೆಲಸ ಇದು. ಈಗ ಉಳಿದಿರುವ ಕೆರೆಗಳನ್ನು ಕಾಯುವ ಭಾರವು ಗ್ರಾಮದವರ ಮೇಲೆ ಬಿದ್ದಿದೆ.

ಮೂರನೆಯದು ಒಂದೇ ಬೆಳೆಯ ಮೋಹ. ಅಡಿಕೆಗೆ ಬೆಲೆ ಬಂದ ವರ್ಷ ಗದ್ದೆಗಳೆಲ್ಲಾ ತೋಟವಾಗುವುದು, ಶುಂಠಿಗೆ ಬೆಲೆ ಬಂದ ವರ್ಷ ಗುತ್ತಿಗೆಗೆ ಹೊಲಗಳು ಹೋಗುವುದು ಈ ತಾಲ್ಲೂಕುಗಳಲ್ಲಿ ಕಂಡುಬರುತ್ತದೆ. ಕೊಳೆರೋಗ ಬಿದ್ದ ಶುಂಠಿಯ ಹೊಲವನ್ನು ಬಿಟ್ಟು ಗುತ್ತಿಗೆದಾರನು ಬೇರೆ ಊರಿಗೆ ಹೋಗಬಹುದು. ಜಮೀನಿನ ಒಡೆಯನು ಹೋಗಲಾರನು. ಒಂದೇ ಕಾರ್ಖಾನೆಯನ್ನು ನೆಚ್ಚಿದ ಪಟ್ಟಣಕ್ಕೆ ಒದಗಿದ ಗತಿಯೇ ಒಂದೇ ಬೆಳೆಯನ್ನು ನೆಚ್ಚಿದ ಗ್ರಾಮಕ್ಕೂ ಒದಗಬಹುದು.

ನಾಲ್ಕನೆಯದು ಕೂಲಿಯಾಳುಗಳ ಅಭಾವ. ನಗರದಲ್ಲಿ ಕಟ್ಟಡದ ಕೆಲಸ ಹೆಚ್ಚಿದಂತೆ ನಾಟಿಯ ಕಾಲದಲ್ಲಿಯೂ ಒಕ್ಕಣೆಯ ಕಾಲದಲ್ಲಿಯೂ ಹಳ್ಳಿಯಲ್ಲಿ ಆಳು ಸಿಕ್ಕದು. ಇದಕ್ಕೆ ಕೂಲಿಕಾರರನ್ನು ದೂರಿ ಫಲವಿಲ್ಲ. ಹೆಚ್ಚಿನ ಸಂಪಾದನೆಯ ಕಡೆಗೆ ಹೋಗುವುದು ಮನುಷ್ಯಸಹಜವಾದುದು. ಯಂತ್ರಗಳನ್ನು ಬಾಡಿಗೆಗೆ ತಂದು ಕೆಲಸವನ್ನು ಸಾಗಿಸುವ ಏರ್ಪಾಡನ್ನು ಗ್ರಾಮದವರು ಒಟ್ಟಾಗಿ ಮಾಡಿಕೊಳ್ಳಬೇಕು.

ಮುಖಂಡರೂ ಹಿಡುವಳಿದಾರರೂ ಈಗಿನಿಂದಲೇ ಮಾಡತಕ್ಕ ಕಾರ್ಯಗಳು

1. ಪಹಣಿ, ಖಾತೆಗಳನ್ನು ಸರಿಪಡಿಸಿಕೊಳ್ಳತಕ್ಕದ್ದು. ತೀರಿಹೋದ ತಂದೆಯ, ಅಜ್ಜನ ಹೆಸರಿನಲ್ಲಿಯೇ ಜಮೀನು ಉಳಿದಿದ್ದರೆ ಪೌತಿ ಖಾತೆ ಮಾಡಿಸಬೇಕು. ಅಣ್ಣತಮ್ಮಂದಿರು ಬೇರೆಯಾಗಿದ್ದರೆ ಪೋಡಿ ಮಾಡಿಸಿ ಗಡಿಕಲ್ಲು ನೆಡಿಸಬೇಕು. ರೈಲಿಗೋ ರಸ್ತೆಗೋ ಭೂಮಿ ಸ್ವಾಧೀನವಾದಾಗ ಪರಿಹಾರವು ದಾಖಲೆಯನ್ನು ಅನುಸರಿಸಿ ಬರುವುದೇ ಹೊರತು ಊರವರ ಮಾತನ್ನು ಅನುಸರಿಸಿ ಅಲ್ಲ. ಹೆಣ್ಣುಮಕ್ಕಳ ಹಕ್ಕನ್ನೂ ಮೊದಲೇ ಇತ್ಯರ್ಥ ಮಾಡಿಕೊಂಡಲ್ಲಿ ಮುಂದೆ ಹಣವು ನ್ಯಾಯಾಲಯದಲ್ಲಿ ಸಿಕ್ಕಿಕೊಳ್ಳುವುದು ತಪ್ಪುವುದು.

2. ಅಚ್ಚುಕಟ್ಟಿನ ಗದ್ದೆಯನ್ನು ಆತುರದಿಂದ ಮಾರಬಾರದು. ಮಾರಲೇಬೇಕಾದಲ್ಲಿ ಖುಷ್ಕಿಯ ಭಾಗವನ್ನು, ಅದೂ ಮನೆಯವರೆಲ್ಲರೂ ಕೂಡಿ ಯೋಚಿಸಿ ಮಾರತಕ್ಕದ್ದು. ಬಂದ ಹಣದಲ್ಲಿ ಒಂದು ಭಾಗವನ್ನಾದರೂ ಬಾವಿ, ಕೊಟ್ಟಿಗೆ, ಬೇರೆ ಜಮೀನು ಮುಂತಾದ ವರಮಾನ ತರುವ ಆಸ್ತಿಯಲ್ಲಿಯೇ ತೊಡಗಿಸಬೇಕು.

3. ಕೆರೆ, ರಾಜಕಾಲುವೆ, ಗೋಮಾಳ, ಗುಂಡುತೋಪುಗಳ ಗಡಿಯನ್ನು ಪಂಚಾಯತಿಯಿಂದ ಅಳತೆ ಮಾಡಿಸಿ ಗುರುತು ಹಾಕಿಸಬೇಕು. ಊರು ಬೆಳೆದ ಮೇಲೆ ಒತ್ತುವರಿಯನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ಬೇಸಗೆಯಲ್ಲಿ ಹೂಳನ್ನು ತೆಗೆಸಿ ಹೊಲಗಳಿಗೆ ಹಾಕಿದರೆ ಕೆರೆಗೂ ಹೊಲಕ್ಕೂ ಹಿತ.

4. ಬೆಳೆಗಳಲ್ಲಿ ಸಮತೋಲವಿರಬೇಕು. ನೀರಿನ ಅನುಕೂಲವಿದ್ದಷ್ಟಕ್ಕೆ ತೋಟ. ಮನೆಗೂ ಪೇಟೆಗೂ ಆಗುವಷ್ಟು ಭತ್ತ. ರಸ್ತೆಗೆ ಸಮೀಪದ ತುಂಡಿನಲ್ಲಿ ತರಕಾರಿ, ಹಣ್ಣು. ಮನೆಯಲ್ಲಿ ಎರಡು ಮೂರು ಹಾಲು ಕೊಡುವ ರಾಸುಗಳೂ ಅವಕ್ಕೆ ತಕ್ಕ ಹಸುರು ಮೇವೂ ಇರಬೇಕು. ವರ್ಷಕ್ಕೊಮ್ಮೆ ಬರುವ ಅಡಿಕೆಯ ಹಣದ ಜತೆಗೆ ವಾರವಾರವೂ ಬರುವ ಹಾಲಿನ ಹಣವಿದ್ದಲ್ಲಿ ಸಾಲಗಾರನ ಬಾಗಿಲಿಗೆ ಹೋಗುವ ಪ್ರಸಂಗ ಕಡಮೆ.

5. ಮಾಲನ್ನು ಒಬ್ಬೊಬ್ಬರೇ ಮಾರದೆ ಕೂಡಿ ಮಾರಬೇಕು. ಮಲೆನಾಡಿನ ಅಡಿಕೆ ಬೆಳೆಗಾರರು ಸಹಕಾರ ಸಂಘವನ್ನು ಕಟ್ಟಿಕೊಂಡು ನಡೆಸುತ್ತಿರುವ ಮಾರಾಟವು ಕಣ್ಣೆದುರಿಗಿರುವ ಮಾದರಿ. ಅನಾನಸು, ಶುಂಠಿ, ಮೆಕ್ಕೆಜೋಳಗಳಿಗೂ ಇಂತಹ ಸಂಘಗಳಾದರೆ, ಮಾಲನ್ನು ದರ್ಜೆವಾರು ಬೇರ್ಪಡಿಸಿ ಲಾರಿ ತುಂಬ ಒಮ್ಮೆಲೇ ಕಳುಹಿಸಬಹುದು. ಅಡತಿಯವನು ಹೇಳಿದ ಬೆಲೆಗೆ ತಲೆಬಾಗಬೇಕಾದುದಿಲ್ಲ.

6. ಊರಿನ ಸುತ್ತ ಬಡಾವಣೆಗಳು ಏಳುವಾಗ ಮೋರಿ, ದಾರಿ, ಕುಡಿಯುವ ನೀರು ಇವುಗಳಿಗೆ ಏರ್ಪಾಡಾಗಿದೆಯೇ ಎಂದು ಪಂಚಾಯತಿಯ ಸದಸ್ಯರು ವಿಚಾರಿಸಬೇಕು. ಭೂಪರಿವರ್ತನೆಯಾಗದ ಜಮೀನಿನಲ್ಲಿ ನಿವೇಶನ ಕೊಂಡ ಬಡವನು ಆಮೇಲೆ ಖಾತೆಗಾಗಿ ಅಲೆಯುವಂತಾಗಬಾರದು.

7. ಮಕ್ಕಳನ್ನು ಓದಿಸಬೇಕು, ಓದಿದವರೆಲ್ಲರೂ ಊರು ಬಿಡಬೇಕೆಂದಿಲ್ಲ. 2012ರಲ್ಲಿ ಶಿವಮೊಗ್ಗಕ್ಕೆ ಬಂದ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾನಿಲಯವು ಹತ್ತಿರದಲ್ಲಿಯೇ ಇದೆ. ಲೆಕ್ಕ ಬರೆಯಬಲ್ಲ, ಪೇಟೆಯ ಧಾರಣೆಯನ್ನು ತಿಳಿದ, ಯಂತ್ರವನ್ನು ರಿಪೇರಿ ಮಾಡಬಲ್ಲ ಒಬ್ಬ ತರುಣನು ಗ್ರಾಮದಲ್ಲಿ ನಿಂತರೆ ಹತ್ತು ಮನೆಗಳಿಗೆ ಉಪಕಾರವಾಗುವುದು.

ಹುಬ್ಬಳ್ಳಿಯೂ ಮೈಸೂರೂ ಮಹಾನಗರಗಳಾಗುವುದು ನಿಶ್ಚಯ. ದಾವಣಗೆರೆ, ಶಿವಮೊಗ್ಗಗಳು ಸಾವಕಾಶವಾಗಿ ಅದೇ ದಾರಿಯಲ್ಲಿವೆ. ಅವು ಹಿಗ್ಗುವ ಕಾಲವು ಶಿಕಾರಿಪುರ, ಸೊರಬಗಳಿಗೆ ಸಿದ್ಧತೆಯ ಕಾಲ. ಬಳ್ಳಿಗಾವಿಯ ಅರಮನೆಗಳು ಹೋದುವು, ವರ್ತಕರು ಹೋದರು. ಆ ನಗರಕ್ಕೆ ಅನ್ನವಿಕ್ಕಿದ ಸೀಮೆಯ ಗದ್ದೆಗಳು ಇಂದಿಗೂ ಭತ್ತವನ್ನು ಕೊಡುತ್ತಿವೆ. ಮುಂಗಾರಿಗೆ ಮೊದಲು ನಡೆಯುವ ಗ್ರಾಮಸಭೆಯಲ್ಲಿ ಕೆರೆಯ ಅಳತೆ, ಖಾತೆಯ ತಿದ್ದುಪಾಟು, ಮಾರಾಟದ ಸಂಘ ಈ ಮೂರು ವಿಷಯಗಳನ್ನು ಚರ್ಚೆಗೆ ಇಟ್ಟು, ಯಾವ ಕೆಲಸವನ್ನು ಯಾರು ಮಾಡತಕ್ಕದ್ದೆಂದು ನಿರ್ಣಯಿಸಿಕೊಂಡರೆ ಆರಂಭಕ್ಕೆ ಅಷ್ಟು ಸಾಕು.